ನಿಕಲ್ ಪುಡಿಯಲ್ಲಿ ಬೈಜಿಕ ಕ್ರಿಯೆ ನಡೆದಿದ್ದರೆ ತಾಮ್ರ ಎಲ್ಲಿದೆ?

ಸೂರ್ಯನಷ್ಟು ಬಿಸಿಯಿಲ್ಲದೆಯೇ ಪರಮಾಣು ಬೀಜಗಳು ಕೂಡಿ ಶಾಖ ಕೊಡುತ್ತವೆ ಎನ್ನುವುದಕ್ಕೆ ತಣ್ಣಗಿನ ಸಮ್ಮಿಲನ (ಕೋಲ್ಡ್ ಫ್ಯೂಷನ್) ಎಂದು ಹೆಸರು. ಮೊದಲು ಅದರ ನಿಕಲ್ ವಾದ ಏನೆಂದು ಹೇಳಿಬಿಡುತ್ತೇನೆ. ನಿಕಲ್ ಸರಳನ್ನೋ ನಿಕಲ್ ಪುಡಿಯನ್ನೋ ಒಂದು ಕೊಳವೆಯಲ್ಲಿಟ್ಟು, ಬಿಸಿ ಮಾಡಿ, ಲೋಹದಲ್ಲಿ ಅಡಗಿರುವ ಹಳೆಯ ಅನಿಲವನ್ನೆಲ್ಲ ಪಂಪು ಹಾಕಿ ಎಳೆಯುತ್ತಾರೆ. ಆಮೇಲೆ ಹೈಡ್ರೋಜನ್ ಬಿಡುತ್ತಾರೆ. ಕೆಲವು ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಾಗ, ಹೀಟರಿಗೆ ಕೊಟ್ಟ ವಿದ್ಯುತ್ತಿಗಿಂತ ಹೆಚ್ಚು ಶಾಖ ಹೊರಗೆ ಬರುತ್ತದೆ ಎನ್ನುತ್ತಾರೆ. ಇಟಲಿಯ ಫ್ರಾಂಚೆಸ್ಕೊ ಪಿಯಾಂಟೆಲ್ಲಿ, ಸೆರ್ಜಿಯೊ ಫೊಕಾರ್ಡಿ ಮತ್ತು ಹಾಬೆಲ್ 1994ರಲ್ಲಿ ಹೀಗೆಂದು ಪ್ರಕಟಿಸಿದರು. ಅದಕ್ಕೆ ಐದು ವರ್ಷ ಮೊದಲು, 1989ರ ಮಾರ್ಚ್ 23ರಂದು, ಅಮೆರಿಕದ ಯೂಟಾದಲ್ಲಿ ಫ್ಲೈಷ್‌ಮನ್ ಮತ್ತು ಪಾನ್ಸ್ ಪತ್ರಿಕಾಗೋಷ್ಠಿ ಕರೆದು ಹೇಳಿದ್ದು ಬೇರೆ ಪ್ರಯೋಗ. ಅಲ್ಲಿದ್ದದ್ದು ಪಲ್ಲಾಡಿಯಂ ಮತ್ತು ಭಾರಜಲ, ಇಲ್ಲಿರುವುದು ನಿಕಲ್ ಮತ್ತು ಮಾಮೂಲಿ ಹೈಡ್ರೋಜನ್. ಎರಡನ್ನೂ ಒಂದೇ ಬುಟ್ಟಿಗೆ ಹಾಕುವ ರೂಢಿ ಬಂದುಬಿಟ್ಟಿದೆ. ಅದು ಸರಿಯಲ್ಲ, ಯಾಕೆಂದು ಸ್ವಲ್ಪ ಹೊತ್ತಿಗೆ ಲೆಕ್ಕದಿಂದಲೇ ತೋರಿಸುತ್ತೇನೆ.

ವಾದಿಸುವವರ ಪರವಾಗಿ ಒಂದು ಮಾತು. ಶಾಖ ನಿಜವಾಗಿದ್ದರೆ ಅದು ರಾಸಾಯನಿಕ ಅಲ್ಲ ಎನ್ನುವ ಅವರ ತರ್ಕ ಗಟ್ಟಿಯಾಗಿದೆ. 100 ವ್ಯಾಟ್ ಹೆಚ್ಚುವರಿ ಶಾಖ ಒಂದು ದಿನ ಪೂರ್ತಿ ಬಂದರೆ ಅದು 86 ಲಕ್ಷ ಜೂಲ್. ಒಂದು ಗ್ರಾಂ ಹೈಡ್ರೋಜನ್ ಪೂರ್ತಿ ಉರಿದರೂ ಸಿಗುವುದು 1.42 ಲಕ್ಷ ಜೂಲ್ ಮಾತ್ರ. ಅಂದರೆ 60 ಗ್ರಾಂ ಹೈಡ್ರೋಜನ್ ಉರಿಯಬೇಕಿತ್ತು, ಅದಕ್ಕೆ ತಕ್ಕ ಆಮ್ಲಜನಕವೂ ಬೇಕಿತ್ತು. ಕೊಳವೆಯೊಳಗೆ ಇರುವುದು ಒಂದು ಗ್ರಾಂಗೂ ಕಡಿಮೆ. ಹಾಗಾಗಿ ಪ್ರಶ್ನೆ ಎರಡೇ. ಶಾಖವನ್ನು ಸರಿಯಾಗಿ ಅಳೆದಿದ್ದಾರೆಯೇ? ಅಳೆದಿದ್ದರೆ, ಯಾವ ಬೈಜಿಕ ಕ್ರಿಯೆ ಅದನ್ನು ಕೊಡಬಲ್ಲದು? ಈವತ್ತಿನ ಉಪನ್ಯಾಸದ ವಿಷಯ ಸಿದ್ಧಾಂತಗಳು, ಆದ್ದರಿಂದ ಎರಡನೆಯದರಿಂದಲೇ ಹೊರಡೋಣ.

ಪ್ರೋಟಾನಿಗೆ, ಅಂದರೆ ಹೈಡ್ರೋಜನ್ ಬೀಜಕ್ಕೆ, ಧನ ವಿದ್ಯುದಂಶ ಒಂದು, ನಿಕಲ್ ಬೀಜಕ್ಕೆ 28. ಎರಡೂ ಒಂದನ್ನೊಂದು ತಳ್ಳುತ್ತವೆ. ಬೈಜಿಕ ಬಲ ಹಿಡಿಯುವಷ್ಟು ಹತ್ತಿರ, ಅಂದರೆ ಸುಮಾರು 6 ಫೆಮ್ಟೊಮೀಟರಿಗೆ (ಒಂದು ಫೆಮ್ಟೊಮೀಟರ್ ಮೀಟರಿನ ಹತ್ತು ಕೋಟಿ ಕೋಟಿಯಲ್ಲೊಂದು ಭಾಗ) ತಂದರೆ, ಆ ತಡೆಯ ಎತ್ತರ 6 ಎಂಇವಿ ದಾಟುತ್ತದೆ. ಎಂಇವಿ ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್. 400 ಡಿಗ್ರಿಯಲ್ಲಿರುವ ಹೈಡ್ರೋಜನ್ ಪರಮಾಣುವಿನ ಹತ್ತಿರ ಇರುವ ಶಕ್ತಿ 0.06 ಎಲೆಕ್ಟ್ರಾನ್ ವೋಲ್ಟ್. ವ್ಯತ್ಯಾಸ ಹತ್ತು ಕೋಟಿ ಪಟ್ಟು.

ಕಣ ತಡೆಯನ್ನು ಹತ್ತದೆ ಅದರೊಳಗಿಂದಲೇ ತೂರಿಹೋಗುವ ಕ್ವಾಂಟಂ ಸುರಂಗ ಪರಿಣಾಮ ಇದೆಯಲ್ಲ, ಸೂರ್ಯನಲ್ಲಿ ನಡೆಯುವುದೂ ಅದೇ ತಾನೆ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಸುರಂಗದ ಸಾಧ್ಯತೆಯನ್ನು ಗ್ಯಾಮೊ ಸೂತ್ರದಿಂದ ತೆಗೆಯಬಹುದು, ಎಂಎಸ್ಸಿ ವಿದ್ಯಾರ್ಥಿಗಳು ಮನೆಗೆ ಹೋಗಿ ಮಾಡಿ ನೋಡಿ. ಘಾತದಲ್ಲಿ ಬರುವ ಸಂಖ್ಯೆ 31.3, ಅದಕ್ಕೆ ಎರಡು ವಿದ್ಯುದಂಶಗಳ ಗುಣಲಬ್ಧ, ಅದಕ್ಕೆ ಅಪವರ್ತಿತ ದ್ರವ್ಯರಾಶಿಯನ್ನು ಶಕ್ತಿಯಿಂದ ಭಾಗಿಸಿದ ವರ್ಗಮೂಲ. ಶಕ್ತಿಯನ್ನು ಸಾವಿರ ಎಲೆಕ್ಟ್ರಾನ್ ವೋಲ್ಟ್‌ಗಳ ಲೆಕ್ಕದಲ್ಲಿ ಹಾಕಿ. ನಿಕಲ್ ಮತ್ತು ಪ್ರೋಟಾನಿಗೆ 400 ಡಿಗ್ರಿಯಲ್ಲಿ ಬರುವ ಉತ್ತರ: ದಶಮಾಂಶ ಬಿಂದುವಿನ ನಂತರ ಸುಮಾರು 50 ಸಾವಿರ ಸೊನ್ನೆ, ಆಮೇಲೆ ಒಂದು ಅಂಕಿ.

ಇದು ಬರಿಯ ಬೀಜಗಳ ಲೆಕ್ಕ. ಲೋಹದೊಳಗೆ ಎಲೆಕ್ಟ್ರಾನುಗಳ ಮೋಡ ಇದೆ, ಅದು ವಿದ್ಯುದಂಶವನ್ನು ಮರೆಮಾಡುತ್ತದೆ. ಇದು ಊಹೆಯಲ್ಲ. ಡ್ಯೂಟೀರಿಯಂ (ಭಾರಜಲದಲ್ಲಿರುವ ಭಾರದ ಹೈಡ್ರೋಜನ್) ಕಿರಣವನ್ನು ಲೋಹದ ಗುರಿಗೆ ಹೊಡೆದ ಪ್ರಯೋಗಗಳಲ್ಲಿ ಈ ಮರೆಯ ಬೆಲೆ ಕೆಲವು ನೂರು ಎಲೆಕ್ಟ್ರಾನ್ ವೋಲ್ಟ್ ಎಂದು ಅಳೆದಿದ್ದಾರೆ. ನಾವು ಕೈ ಬಿಚ್ಚಿ ಸಾವಿರ ಕೊಟ್ಟುಬಿಡೋಣ. ಆಗ 50 ಸಾವಿರ ಸೊನ್ನೆ ಇಳಿದು ಸುಮಾರು 380ಕ್ಕೆ ಬರುತ್ತದೆ. ಭಾರಿ ಇಳಿಕೆಯೇ. ಆದರೆ ಒಂದು ಗ್ರಾಂ ನಿಕಲ್‌ನಲ್ಲಿರುವ ಪರಮಾಣುಗಳ ಸಂಖ್ಯೆ 1ರ ಮುಂದೆ 22 ಸೊನ್ನೆ. ಒಂದೊಂದರ ಪಕ್ಕದಲ್ಲೂ ಪ್ರೋಟಾನ್ ಕುಳಿತು ಸೆಕೆಂಡಿಗೆ ಹತ್ತು ಲಕ್ಷ ಕೋಟಿ ಸಲ ಬಡಿದರೂ ಒಟ್ಟು ಪ್ರಯತ್ನ 35 ಸೊನ್ನೆಯಷ್ಟು. 380ರ ಎದುರು 35. ವಿಶ್ವದ ಆಯುಷ್ಯವನ್ನೆಲ್ಲ ಸೇರಿಸಿದರೂ ಇನ್ನೊಂದು 18 ಸೊನ್ನೆ ಸಿಗಬಹುದು, ಅಷ್ಟೆ.

ಈಗ ಪಲ್ಲಾಡಿಯಂ ಕಥೆಯನ್ನು ಇದೇ ಸೂತ್ರಕ್ಕೆ ಹಾಕಿ. ಡ್ಯೂಟೀರಿಯಂ ಮತ್ತು ಡ್ಯೂಟೀರಿಯಂ, ವಿದ್ಯುದಂಶಗಳ ಗುಣಲಬ್ಧ ಒಂದೇ. ಕೋಣೆಯ ಉಷ್ಣತೆಯಲ್ಲಿ ಬರಿಯ ಬೀಜಗಳಿಗೆ 2,700 ಸೊನ್ನೆ. 500 ಎಲೆಕ್ಟ್ರಾನ್ ವೋಲ್ಟಿನ ಮರೆ ಕೊಟ್ಟರೆ 19ಕ್ಕೆ ಇಳಿಯುತ್ತದೆ! ಸ್ಥೂಲ ಲೆಕ್ಕವೇ ಇರಲಿ, 19 ಸೊನ್ನೆ ಅಂದರೆ ಯೋಚಿಸಬಹುದಾದ ಸಂಖ್ಯೆ, 380 ಅಲ್ಲ. ಒಂದೇ ಬುಟ್ಟಿಗೆ ಹಾಕಬಾರದು ಅಂದದ್ದು ಇದಕ್ಕೇ. ಪಲ್ಲಾಡಿಯಂಗಾಗಿ ಕಟ್ಟಿದ ಸಿದ್ಧಾಂತವನ್ನು ಹೆಸರು ಬದಲಿಸಿ ನಿಕಲ್‌ಗೆ ತೊಡಿಸಲು ಬರುವುದಿಲ್ಲ. ಜೊತೆಗೆ ಇನ್ನೊಂದು ಭೇದ. ಪಲ್ಲಾಡಿಯಂ ಮಾಮೂಲಿ ಒತ್ತಡದಲ್ಲೇ ಹತ್ತು ಪರಮಾಣುಗಳಿಗೆ ಆರೇಳು ಹೈಡ್ರೋಜನ್ ನುಂಗುತ್ತದೆ. ನಿಕಲ್ ಆ ಒತ್ತಡದಲ್ಲಿ ಸಾವಿರಕ್ಕೆ ಒಂದನ್ನೂ ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ, ಮೇಲ್ಮೈಯಲ್ಲಿ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದಲೇ ನಿಕಲ್ ಸಿದ್ಧಾಂತಗಳೆಲ್ಲ ಮೇಲ್ಮೈಯನ್ನೋ ಬಿರುಕನ್ನೋ ನ್ಯಾನೊ ಕಣವನ್ನೋ ಹಿಡಿದುಕೊಂಡಿವೆ.

ಇಲ್ಲಿ ಒಂದು ಅಡ್ಡಮಾತು, ಬೇಕಾದದ್ದೇ. ತಣ್ಣಗಿನ ಸಮ್ಮಿಲನ ಪ್ರಕೃತಿಯಲ್ಲಿ ಇಲ್ಲವೇ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮ್ಯುಯಾನ್ ಎಂಬ ಕಣ ಎಲೆಕ್ಟ್ರಾನಿನ ಹಾಗೆಯೇ, ತೂಕ ಮಾತ್ರ 207 ಪಟ್ಟು. ಎಲೆಕ್ಟ್ರಾನಿನ ಜಾಗದಲ್ಲಿ ಮ್ಯುಯಾನ್ ಕೂತರೆ ಹೈಡ್ರೋಜನ್ ಅಣು ಸುಮಾರು 200 ಪಟ್ಟು ಕುಗ್ಗುತ್ತದೆ, ಬೀಜಗಳು ತಾವಾಗಿಯೇ ಸೇರಿಕೊಳ್ಳುತ್ತವೆ. 1947ರಲ್ಲಿ ಫ್ರಾಂಕ್ ಊಹಿಸಿದ್ದು, 1956ರಲ್ಲಿ ಆಲ್ವಾರೆಜ್ ತಂಡ ಕಣ್ಣಾರೆ ಕಂಡದ್ದು. ಮ್ಯುಯಾನ್ ಬದುಕುವುದು 2.2 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಅದು ಮಾಡಿಸುವ ನೂರೈವತ್ತರಷ್ಟು ಸಮ್ಮಿಲನಗಳು ಅದನ್ನು ತಯಾರಿಸಿದ ಖರ್ಚನ್ನು ತೀರಿಸುವುದಿಲ್ಲ. ಆದರೆ ದಾರಿ ಇದೆ ಎನ್ನುವುದು ಸಾಬೀತಾಗಿದೆ. ನಿಕಲ್ ಸಿದ್ಧಾಂತಿಗಳು ಹುಡುಕುತ್ತಿರುವುದೂ ಒಂದರ್ಥದಲ್ಲಿ ಮ್ಯುಯಾನಿಗೆ ಬದಲಿಯನ್ನೇ.

ಆ ಬದಲಿಗಳಲ್ಲಿ ಹೆಚ್ಚು ಚರ್ಚೆಯಾದದ್ದು ಅಲನ್ ವಿಡಮ್ ಮತ್ತು ಲೂಯಿಸ್ ಲಾರ್ಸೆನ್ 2006ರಲ್ಲಿ ಪ್ರಕಟಿಸಿದ ಸಿದ್ಧಾಂತ. ಇವರು ತಡೆಯನ್ನು ದಾಟುವ ಗೋಜಿಗೇ ಹೋಗುವುದಿಲ್ಲ. ಹೈಡ್ರೈಡ್, ಅಂದರೆ ಹೈಡ್ರೋಜನ್ ಹೀರಿದ ಲೋಹದ, ಮೇಲ್ಮೈಯಲ್ಲಿ ಎಲೆಕ್ಟ್ರಾನ್ ಪ್ರೋಟಾನಿನೊಳಕ್ಕೆ ಸೇರಿ ನ್ಯೂಟ್ರಾನ್ ಆಗುತ್ತದೆ, ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಯಾವ ಬೀಜಕ್ಕೆ ಬೇಕಾದರೂ ನುಗ್ಗುತ್ತದೆ ಎನ್ನುತ್ತಾರೆ. ಉಪಾಯ ಸೊಗಸಾಗಿದೆ. ತೊಡಕು ಶಕ್ತಿಯಲ್ಲಿ. ನ್ಯೂಟ್ರಾನ್ ಪ್ರೋಟಾನಿಗಿಂತ 1.293 ಎಂಇವಿ ಭಾರ. ಎಲೆಕ್ಟ್ರಾನ್ ತನ್ನ ತೂಕದಿಂದ ಕೊಡುವುದು 0.511. ಬಾಕಿ 0.782 ಎಂಇವಿಯನ್ನು ಯಾರು ಕೊಡಬೇಕು? ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಒಟ್ಟಾಗಿ ಅಲುಗಾಡುವಾಗ ಹುಟ್ಟುವ ತೀವ್ರ ವಿದ್ಯುತ್ ಕ್ಷೇತ್ರದಲ್ಲಿ ಎಲೆಕ್ಟ್ರಾನಿನ ಪರಿಣಾಮಕಾರಿ ತೂಕ ಎರಡೂವರೆ ಪಟ್ಟು ಏರುತ್ತದೆ ಎಂದು ಅವರ ಉತ್ತರ. ಘನವಸ್ತು ಭೌತಶಾಸ್ತ್ರದಲ್ಲಿ "ಭಾರವಾದ ಎಲೆಕ್ಟ್ರಾನ್" ಎಂಬ ಮಾತು ಇದೆ, ನಿಜ. ಆದರೆ ಅಲ್ಲಿ ಅದು ವೇಗೋತ್ಕರ್ಷಕ್ಕೆ ಒಡ್ಡುವ ಪ್ರತಿರೋಧದ ಲೆಕ್ಕ. ಬೈಜಿಕ ಕ್ರಿಯೆಯ ಖಾತೆಗೆ ಜಮಾ ಮಾಡಬಹುದಾದ ಶಕ್ತಿಯಲ್ಲ. ಒಂದೇ ಎಲೆಕ್ಟ್ರಾನಿನ ಮೇಲೆ, ಒಂದೇ ಜಾಗದಲ್ಲಿ, ಏಳೆಂಟು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಬಂದು ಕೂಡಬೇಕು. ರಾಸಾಯನಿಕ ಬಂಧಗಳು ನಾಲ್ಕೈದು ಎಲೆಕ್ಟ್ರಾನ್ ವೋಲ್ಟಿಗೆ ಮುರಿದುಹೋಗುವ ಲೋಹದ ಮೇಲ್ಮೈ ಅದು. 2012ರಲ್ಲಿ ಚೂಕಿ, ಮಯಾನಿ, ಪೊಲೋಸಾ ಮತ್ತು ಸಂಗಡಿಗರು ಇದೇ ಕ್ರಿಯೆಯ ದರವನ್ನು ಮತ್ತೆ ಲೆಕ್ಕ ಹಾಕಿ, ಅದು ಹೇಳಿದ್ದಕ್ಕಿಂತ ಬಹಳ ಬಹಳ ಕಡಿಮೆ ಎಂದು ತೋರಿಸಿದರು.

ಅದೂ ಇರಲಿ, ನ್ಯೂಟ್ರಾನ್ ಹುಟ್ಟಿತೆಂದೇ ಒಪ್ಪಿಕೊಳ್ಳೋಣ. ನಿಕಲ್-58 ಒಂದು ನ್ಯೂಟ್ರಾನ್ ನುಂಗಿದರೆ 9 ಎಂಇವಿ ಗಾಮಾ ಕಿರಣದ ರೂಪದಲ್ಲಿ ಹೊರಗೆ ಬರುತ್ತದೆ. ಒಂದು ವ್ಯಾಟ್ ಶಾಖಕ್ಕೆ ಸೆಕೆಂಡಿಗೆ 70 ಸಾವಿರ ಕೋಟಿ ಇಂಥ ಘಟನೆಗಳು. ಆ ಕೋಣೆಯಲ್ಲಿ ಯಾರೂ ನಿಂತಿರಲು ಆಗದು. ಆದರೆ ಪ್ರಯೋಗ ಮಾಡಿದವರಿಗೆ ವಿಕಿರಣದಿಂದ ಏನೂ ಆಗಲಿಲ್ಲ. ಇದಕ್ಕೆ ಸಿದ್ಧಾಂತದ ಉತ್ತರ, ಅದೇ ಭಾರವಾದ ಎಲೆಕ್ಟ್ರಾನುಗಳು ಗಾಮಾ ಕಿರಣವನ್ನು ಹೀರಿ ಅವಕೆಂಪು ಕಿರಣವಾಗಿ ಬಿಡುತ್ತವೆ ಎಂದು. ಇಲ್ಲಿ ನನಗೆ ಸಿದ್ಧಾಂತದ ಮೇಲೆ ಗೌರವ ಬರುತ್ತದೆ, ಯಾಕೆಂದರೆ ಇದನ್ನು ಪರೀಕ್ಷಿಸಬಹುದು. ಕೆಲಸ ಮಾಡುತ್ತಿರುವ ಕೋಶದ, ಅಂದರೆ ನಿಕಲ್ ಇಟ್ಟ ಕೊಳವೆಯ, ಒಂದು ಪಕ್ಕ ಕೋಬಾಲ್ಟ್-60 ಆಕರವಿಟ್ಟು, ಇನ್ನೊಂದು ಪಕ್ಕ ಡಿಟೆಕ್ಟರ್ ಇಡಿ. ಒಳಗಿನ ಗಾಮಾವನ್ನು ತಡೆಯುವ ಪದರ ಹೊರಗಿನಿಂದ ಬಂದ ಗಾಮಾವನ್ನೂ ತಡೆಯಬೇಕು. ಕೋಶ ಚಾಲೂ ಆದಾಗ ಎಣಿಕೆ ಬೀಳಬೇಕು, ನಿಂತಾಗ ಏರಬೇಕು. ಕೋಬಾಲ್ಟಿನ ಗಾಮಾ 1.17 ಮತ್ತು 1.33 ಎಂಇವಿ, ತೆಳು ಲೋಹದಲ್ಲಿ ಸಾಮಾನ್ಯವಾಗಿ ಸಲೀಸಾಗಿ ದಾಟಿ ಬರುತ್ತದೆ. ಫಲಿತಾಂಶ ಮಸುಕಾಗಿ ಉಳಿಯುವ ಪ್ರಶ್ನೆಯೇ ಇಲ್ಲ.

ಎರಡನೆಯ ಬಗೆಯ ಸಿದ್ಧಾಂತ ಹೈಡ್ರೋಜನ್ ಪರಮಾಣುವನ್ನೇ ಕುಗ್ಗಿಸುತ್ತದೆ. ರಾಂಡೆಲ್ ಮಿಲ್ಸ್ 1991ರಿಂದಲೂ ಹೇಳುತ್ತಿರುವ ಹೈಡ್ರಿನೊ, ಅಂದರೆ ತಳಮಟ್ಟಕ್ಕಿಂತಲೂ ಕೆಳಗೆ ಇಳಿದ ಹೈಡ್ರೋಜನ್. ಅವರು ಅದನ್ನು ಬೈಜಿಕ ಎನ್ನುವುದಿಲ್ಲ, ಆ ಇಳಿತವೇ ಶಾಖ ಕೊಡುತ್ತದೆ ಎನ್ನುತ್ತಾರೆ. ಆಂಡ್ರ್ಯೂ ಮ್ಯೂಲನ್‌ಬರ್ಗ್ ಮತ್ತು ಜೀನ್-ಲೂಕ್ ಪಯೆ ಇನ್ನೂ ಆಳಕ್ಕೆ ಹೋಗಿ, ಎಲೆಕ್ಟ್ರಾನನ್ನು ಸಾಪೇಕ್ಷತೆಯೊಂದಿಗೆ ವಿವರಿಸುವ ಡಿರಾಕ್ ಸಮೀಕರಣದಲ್ಲಿ ಬೀಜದಿಂದ ಕೆಲವೇ ಫೆಮ್ಟೊಮೀಟರ್ ದೂರದಲ್ಲಿ ಎಲೆಕ್ಟ್ರಾನ್ ನಿಲ್ಲುವ ಮಟ್ಟಗಳಿವೆ ಎನ್ನುತ್ತಾರೆ. ಅಂಥ ಪುಟ್ಟ ತಟಸ್ಥ ಪರಮಾಣು ನಿಕಲ್ ಬೀಜದ ಹತ್ತಿರ ಸುಳಿಯುವಾಗ ತಡೆಯೇ ಕಾಣುವುದಿಲ್ಲ. ಪಠ್ಯಪುಸ್ತಕಗಳು ಆ ಪರಿಹಾರಗಳನ್ನು ಬಿಟ್ಟುಬಿಡುವುದು ಕೇಂದ್ರದಲ್ಲಿ ಅವು ಅನಂತಕ್ಕೆ ಹೋಗುತ್ತವೆ ಎಂಬ ಕಾರಣಕ್ಕೆ. ಬೀಜಕ್ಕೆ ಗಾತ್ರವಿದೆ, ಅದು ಬಿಂದುವಲ್ಲ, ಆದ್ದರಿಂದ ಬಿಡಬೇಕಿಲ್ಲ ಎಂದು ಇವರ ವಾದ. ಗಣಿತದ ಜಗಳವನ್ನು ಬದಿಗಿಟ್ಟು ಸರಳವಾದದ್ದನ್ನು ಕೇಳೋಣ. ಅಷ್ಟು ಆಳಕ್ಕೆ ಬೀಳುವ ಎಲೆಕ್ಟ್ರಾನ್ ಬಿಡಬೇಕಾದ ಶಕ್ತಿ ಸುಮಾರು 5 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದು ಎಲ್ಲಿ ಹೋಗುತ್ತದೆ? ಮತ್ತೆ, ಇಷ್ಟು ಅನುಕೂಲದ ಮಟ್ಟ ಕೆಳಗೆ ಇದ್ದರೆ, ಕೃಷ್ಣರಾಜಸಾಗರದ ನೀರಿನಲ್ಲಿರುವ ಹೈಡ್ರೋಜನ್ ಎಲ್ಲ ಕೋಟ್ಯಂತರ ವರ್ಷಗಳಿಂದ ಮೇಲೆಯೇ ಏಕೆ ನಿಂತಿದೆ?

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪರ್ಡ್ಯೂ ವಿಶ್ವವಿದ್ಯಾಲಯದ ಕಿಮ್ ಲೋಹದ ಸೂಕ್ಷ್ಮ ಕಣಗಳಲ್ಲಿ ಬೋಸ್-ಐನ್‌ಸ್ಟೈನ್ ಸಾಂದ್ರೀಕರಣ ಆಗುತ್ತದೆ, ಅಂದರೆ ಅನೇಕ ಬೀಜಗಳು ಒಂದೇ ಕ್ವಾಂಟಂ ಸ್ಥಿತಿಗೆ ಬರುತ್ತವೆ ಎಂದರು. ಒಸಾಕಾದ ತಕಹಾಶಿ ನಾಲ್ಕು ಪರಮಾಣುಗಳು ಚತುರ್ಮುಖವಾಗಿ ಒಮ್ಮೆಗೇ ಕುಸಿಯುತ್ತವೆ ಎಂದರು. ಎಂಐಟಿಯ ಪೀಟರ್ ಹೇಗೆಲ್‌ಸ್ಟೈನ್ ಬೈಜಿಕ ಶಕ್ತಿಯನ್ನು ಲಕ್ಷಾಂತರ ಜಾಲಕ ಕಂಪನಗಳಿಗೆ ಹಂಚುವ ದಾರಿ ಹುಡುಕುತ್ತಿದ್ದಾರೆ. ಗಾಮಾ ಏಕಿಲ್ಲ ಎನ್ನುವ ಪ್ರಶ್ನೆಯನ್ನು ಇವರೆಲ್ಲರಲ್ಲಿ ಅತಿ ಗಂಭೀರವಾಗಿ ತೆಗೆದುಕೊಂಡವರು ಅವರೇ ಎಂದು ನನ್ನ ಅಭಿಪ್ರಾಯ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಕೆ. ಪಿ. ಸಿನ್ಹಾ ಅವರು, ಜೊತೆಯಾದ ಎರಡು ಎಲೆಕ್ಟ್ರಾನುಗಳು ಒಂದೇ ಬೀಜದ ಸುತ್ತ ನಿಂತು ಮರೆಯನ್ನು ದಟ್ಟ ಮಾಡುತ್ತವೆ ಎಂಬ "ಲೋಕಾನ್" ಮಾದರಿ ಕೊಟ್ಟರು. 1989ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಪಿ. ಕೆ. ಅಯ್ಯಂಗಾರ್ ಮತ್ತು ಎಂ. ಶ್ರೀನಿವಾಸನ್ ಅವರ ತಂಡಗಳು ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಕಂಡೆವೆಂದು ವರದಿ ಮಾಡಿದ್ದವು. 2015ರ ಫೆಬ್ರವರಿಯಲ್ಲಿ ಬೆಂಗಳೂರಿನ "ಕರೆಂಟ್ ಸೈನ್ಸ್" ಪತ್ರಿಕೆ ಈ ವಿಷಯಕ್ಕೇ ವಿಶೇಷ ವಿಭಾಗ ಮೀಸಲಿಟ್ಟಿತು. ಆಸಕ್ತಿಯುಳ್ಳವರು ಅದನ್ನು ಓದಿ. ಪರ ವಹಿಸಿದವರ ವಾದವನ್ನು ಅವರ ಮಾತಿನಲ್ಲೇ ಕೇಳುವುದು ಒಳ್ಳೆಯದು.

ಇನ್ನು ಬೂದಿಯ ಪ್ರಶ್ನೆ. ಸಿದ್ಧಾಂತ ಯಾವುದಾದರೂ ಇರಲಿ, ಕ್ರಿಯೆ ನಡೆದ ಮೇಲೆ ಏನೋ ಉಳಿಯಬೇಕು. ನಿಕಲ್‌ಗೆ ಪ್ರೋಟಾನ್ ಸೇರಿದರೆ ತಾಮ್ರ. ನೈಸರ್ಗಿಕ ನಿಕಲ್‌ನಲ್ಲಿ ಐದು ಐಸೊಟೋಪ್‌ಗಳು, ಅಂದರೆ ಬೇರೆಬೇರೆ ತೂಕದ ಪರಮಾಣುಗಳು ಇವೆ: 58 ಶೇ 68, 60 ಶೇ 26, 61 ಶೇ 1.1, 62 ಶೇ 3.6, 64 ಶೇ 0.9. ಮೊದಲ ಮೂರಕ್ಕೆ ಪ್ರೋಟಾನ್ ಸೇರಿದರೆ ಸಿಗುವ ತಾಮ್ರ ಅಸ್ಥಿರ. ತಾಮ್ರ-59ರ ಅರ್ಧಾಯುಷ್ಯ 81.5 ಸೆಕೆಂಡ್, ತಾಮ್ರ-61ರದು 3.3 ಗಂಟೆ, ತಾಮ್ರ-62ರದು 9.7 ನಿಮಿಷ. ಮೂರೂ ಪಾಸಿಟ್ರಾನ್, ಅಂದರೆ ಧನ ವಿದ್ಯುದಂಶದ ಎಲೆಕ್ಟ್ರಾನ್, ಉಗುಳುತ್ತವೆ. ಪಾಸಿಟ್ರಾನ್ ಎಲೆಕ್ಟ್ರಾನಿಗೆ ತಗುಲಿದರೆ 511 ಸಾವಿರ ಎಲೆಕ್ಟ್ರಾನ್ ವೋಲ್ಟಿನ ಎರಡು ಗಾಮಾ, ಎದುರುಬದುರು ದಿಕ್ಕಿಗೆ. ಒಂದು ಕಿಲೊವ್ಯಾಟ್ ಶಾಖಕ್ಕೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಕ್ರಿಯೆ ಬೇಕು. ಅದರಲ್ಲಿ ಹತ್ತು ಲಕ್ಷಕ್ಕೊಂದು ನಿಕಲ್-58ರಲ್ಲಿ ನಡೆದರೂ ಸೆಕೆಂಡಿಗೆ ನೂರು ಕೋಟಿ ಪಾಸಿಟ್ರಾನ್. ಕಾಣದೆ ಹೋಗುವ ಮಾತೇ ಅಲ್ಲ. 2011ರ ಜನವರಿಯಲ್ಲಿ ಬೊಲೋನ್ಯಾದಲ್ಲಿ ಕಿಲೊವ್ಯಾಟ್‌ಗಟ್ಟಲೆ ಶಾಖ ಬರುತ್ತದೆಂದು ಇಟಲಿಯ ಆಂಡ್ರಿಯಾ ರೊಸ್ಸಿಯವರ ನಿಕಲ್-ಹೈಡ್ರೋಜನ್ ಸಾಧನವನ್ನು ಪ್ರದರ್ಶಿಸಿದಾಗ ಗಾಮಾ ಅಳೆದ ಭೌತವಿಜ್ಞಾನಿಗೆ ಹಿನ್ನೆಲೆಗಿಂತ ಹೆಚ್ಚೇನೂ ಸಿಗಲಿಲ್ಲ.

ಆಗ ಸಿದ್ಧಾಂತಿಗಳು 62 ಮತ್ತು 64ರ ಕಡೆ ಹೊರಳಿದರು, ಇವೆರಡು ಮಾತ್ರ ನೇರವಾಗಿ ಸ್ಥಿರ ತಾಮ್ರ ಕೊಡುತ್ತವೆ. ನಿಕಲ್-62ಕ್ಕೆ ಪ್ರೋಟಾನ್ ಸೇರಿದರೆ ತಾಮ್ರ-63 ಮತ್ತು 6.12 ಎಂಇವಿ. ಸರಿ, ಲೆಕ್ಕ ಮುಂದುವರಿಸಿ. ಒಂದು ಕಿಲೊವ್ಯಾಟ್ 30 ದಿನ ನಡೆದರೆ ಹುಟ್ಟುವ ತಾಮ್ರ 0.28 ಗ್ರಾಂ. ಕೊಳವೆಯಲ್ಲಿ 10 ಗ್ರಾಂ ನೈಸರ್ಗಿಕ ನಿಕಲ್ ಇದ್ದರೆ ಅದರೊಳಗಿನ 62ರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಖಾಲಿ. ರೊಸ್ಸಿ ಸಾಧನದಲ್ಲಿ ಬಳಸಿದ ಪುಡಿಯನ್ನು ಸ್ವೀಡನ್ನಿನಲ್ಲಿ ಪರೀಕ್ಷಿಸಿದಾಗ ಶೇ 10ರಷ್ಟು ತಾಮ್ರ, ಶೇ 11ರಷ್ಟು ಕಬ್ಬಿಣ ಕಂಡವು. ಗೆದ್ದಂತೆ ಕಾಣುತ್ತದೆ, ಅಲ್ಲವೇ? ಆದರೆ ನೈಸರ್ಗಿಕ ನಿಕಲ್‌ನಲ್ಲಿ 62 ಮತ್ತು 64 ಎರಡೂ ಸೇರಿ ಇರುವುದೇ ಶೇ 4.5. ಅಷ್ಟೂ ಬದಲಾದರೂ ಶೇ 10 ಆಗದು. ಎರಡೂ ಒಂದೇ ದರದಲ್ಲಿ ಬದಲಾದರೆ ತಾಮ್ರ-63 ಮತ್ತು 65ರ ಅನುಪಾತ 80ಕ್ಕೆ 20ರ ಆಸುಪಾಸು ಇರಬೇಕು. ಕಂಡದ್ದು ಗಣಿಯಿಂದ ಬರುವ ತಾಮ್ರದ ಅನುಪಾತ, 69ಕ್ಕೆ 31.

ತಾಮ್ರ ಬೇರೆ ದಾರಿಯಿಂದ ಹೇಗೆ ಬರುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಬರೆದಿಟ್ಟುಕೊಳ್ಳಿ. ನಿರ್ವಾತದ ಫ್ಲೇಂಜುಗಳ ನಡುವೆ ಹಾಕುವ ಗ್ಯಾಸ್ಕೆಟ್ ತಾಮ್ರದ್ದು. ಅನಿಲದ ಕೊಳವೆಯ ಫಿಟ್ಟಿಂಗು ಹಿತ್ತಾಳೆಯದು. ಹೀಟರಿನ ತುದಿಗೆ ಬೆಸೆದ ತಂತಿ ತಾಮ್ರದ್ದು. ಅಂಗಡಿಯಿಂದ ಬಂದ ನಿಕಲ್ ಪುಡಿಯಲ್ಲೇ ಒಂದಷ್ಟು ತಾಮ್ರ ಇರುತ್ತದೆ. ಆದ್ದರಿಂದ ಹೊಸ ಪುಡಿಯನ್ನು ಎರಡು ಪಾಲು ಮಾಡಿ ಒಂದನ್ನು ಮುಚ್ಚಿ ಮೊಹರು ಹಾಕಿಡಬೇಕು. ಗ್ಯಾಸ್ಕೆಟ್ ಬೆಳ್ಳಿ ಲೇಪದ್ದಿರಲಿ, ಫಿಟ್ಟಿಂಗುಗಳು ಸ್ಟೇನ್‌ಲೆಸ್ ಸ್ಟೀಲಿನವು.

ಅಷ್ಟಾದರೂ ಮುಗಿಯಲಿಲ್ಲ. ಅಯಾನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ 63ರ ಜಾಗದಲ್ಲಿ ಒಂದು ಶಿಖರ ಕಂಡರೆ ಅದು ತಾಮ್ರ-63 ಎಂದು ಬರೆದುಕೊಳ್ಳುತ್ತೇವೆ. ನಿಕಲ್-62ಕ್ಕೆ ಒಂದು ಹೈಡ್ರೋಜನ್ ಪರಮಾಣು ರಾಸಾಯನಿಕವಾಗಿ ಅಂಟಿಕೊಂಡ ಅಯಾನೂ 63ರಲ್ಲೇ ಬೀಳುತ್ತದೆ! ಹೈಡ್ರೋಜನ್‌ನಲ್ಲಿ ಮುಳುಗೆದ್ದ ನಿಕಲ್ ಪುಡಿಯಲ್ಲಿ ಅಂಥ ಅಯಾನು ಸಿಗದಿದ್ದರೆ ಆಶ್ಚರ್ಯ. ಒಂದರ ದ್ರವ್ಯರಾಶಿ 62.9296, ಇನ್ನೊಂದರದು 62.9362. ಎರಡರ ನಡುವಣ 0.0066 ಏನೆಂದು ನೋಡಿ. ಅದೇ ಆ 6.12 ಎಂಇವಿ. ಬೀಜಗಳು ಕೂಡಿದ್ದರೆ ಬಿಡುಗಡೆಯಾಗುತ್ತಿದ್ದ ಶಕ್ತಿ ಇನ್ನೂ ಒಳಗೇ ಇರುವುದರಿಂದ ಕೂಡದ ಜೋಡಿ ಅಷ್ಟೇ ಭಾರ. ಕೂಡಿದೆಯೋ ಪಕ್ಕದಲ್ಲಿ ಕುಳಿತಿದೆಯೋ ಎಂಬ ಪ್ರಶ್ನೆಗೆ ಉತ್ತರ ಆ ನಾಲ್ಕನೆಯ ಅಂಕಿಯಲ್ಲಿದೆ. ಇವೆರಡನ್ನು ಬೇರೆಬೇರೆಯಾಗಿ ತೋರಿಸಬೇಕಾದರೆ ಉಪಕರಣದ ವಿಭೇದನ ಸಾಮರ್ಥ್ಯ 9,600ರಷ್ಟಿರಬೇಕು. ಸಾಮಾನ್ಯ ಕ್ವಾಡ್ರುಪೋಲ್ ಉಪಕರಣಕ್ಕೆ ಅದು ಎಟುಕುವುದಿಲ್ಲ, ಹೆಚ್ಚು ವಿಭೇದನದ ಕಾಂತೀಯ ಉಪಕರಣವೇ ಬೇಕು. ಆರ್ಗಾನ್ ಪ್ಲಾಸ್ಮಾ ಬಳಸುವ ಉಪಕರಣದಲ್ಲಿ ಇನ್ನೊಂದು ಕಾಟ. ಆರ್ಗಾನ್-40 ಮತ್ತು ಸೋಡಿಯಂ-23 ಸೇರಿದ ಅಯಾನೂ 63. ಕೈಬೆವರಿನ ಉಪ್ಪು ಸಾಕು.

ಈಗ ಮೊದಲನೆಯ ಪ್ರಶ್ನೆ, ಶಾಖದ್ದು. ಇಲ್ಲಿ ತಪ್ಪುವ ದಾರಿಗಳು ಹಲವು, ಮುಖ್ಯವಾದವನ್ನು ಮಾತ್ರ ಹೇಳುತ್ತೇನೆ. ಹೈಡ್ರೋಜನ್‌ನ ಉಷ್ಣವಾಹಕತೆ ಆರ್ಗಾನಿನ ಸುಮಾರು ಹತ್ತು ಪಟ್ಟು. ಕೋಶವನ್ನು ಆರ್ಗಾನಿನಲ್ಲಿ ಅಳತೆಗೆ ಹೊಂದಿಸಿ, ಹೈಡ್ರೋಜನ್‌ನಲ್ಲಿ ಓಡಿಸಿದರೆ, ಒಳಗಿನ ಉಷ್ಣತೆಯಿಂದ ಶಾಖವನ್ನು ಲೆಕ್ಕ ಹಾಕುವುದೇ ತಪ್ಪಾಗುತ್ತದೆ. ಹೋಲಿಕೆಗೆ ಹೀಲಿಯಂ ಬಳಸಿ, ಅದು ಹೈಡ್ರೋಜನ್‌ಗೆ ಹತ್ತಿರ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ 1996ರಲ್ಲಿ ಒಂದು ತಂಡ ಇಟಲಿಯವರ ಪ್ರಯೋಗವನ್ನೇ ಮತ್ತೆ ಮಾಡಿತು. ನಿಕಲ್ ಹೈಡ್ರೋಜನ್ ಹೀರಿದಾಗ ಅದೇ ವಿದ್ಯುತ್ತಿಗೆ ಸರಳಿನ ಉಷ್ಣತೆ ಏರಿದ್ದನ್ನು ಅವರೂ ಕಂಡರು. ಆದರೆ ಅವರು ಕೋಶದ ಹೊರಗೋಡೆಗೂ ಒಂದು ಉಷ್ಣತಾ ಸಂವೇದಕ ಕಟ್ಟಿದ್ದರು. ಹೊರಗೋಡೆಯ ಉಷ್ಣತೆ ಕೊಟ್ಟ ವಿದ್ಯುತ್ತಿಗೆ ತಕ್ಕಂತೆಯೇ ಇತ್ತು, ಒಂದಿಷ್ಟೂ ಕದಲಲಿಲ್ಲ. ಶಾಖ ಹೆಚ್ಚಿರಲಿಲ್ಲ, ಒಳಗೆ ಅದು ಹರಿಯುವ ದಾರಿ ಬದಲಾಗಿತ್ತು. ಒಂದೇ ಒಂದು ಹೆಚ್ಚುವರಿ ಸಂವೇದಕ!

ಉಗಿಯಿಂದ ಅಳೆಯುವುದು ಇನ್ನೂ ಅಪಾಯ. ಮಂಡ್ಯದಿಂದ ಬಂದವರಲ್ಲಿ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಕಂಡವರಿಗೆ ಹಸಿ ಉಗಿ, ಒಣ ಉಗಿ ಎಂದರೇನು ಎಂದು ನಾನು ಹೇಳಬೇಕಿಲ್ಲ. ಸೆಕೆಂಡಿಗೆ ಒಂದು ಗ್ರಾಂ ನೀರು, 25 ಡಿಗ್ರಿಯಲ್ಲಿ ಒಳಗೆ ಹೋಗುತ್ತಿದೆ ಎನ್ನಿ. 100ಕ್ಕೆ ಏರಿಸಲು 314 ವ್ಯಾಟ್. ಪೂರ್ತಿ ಉಗಿ ಮಾಡಲು ಇನ್ನೂ 2,257 ವ್ಯಾಟ್. ತೂಕದಲ್ಲಿ ಹತ್ತನೇ ಒಂದು ಭಾಗ ಮಾತ್ರ ಉಗಿಯಾಗಿ ಉಳಿದದ್ದು ತುಂತುರಾಗಿ ಹೋದರೆ ನಿಜವಾದ ಶಾಖ 540 ವ್ಯಾಟ್, ಬರೆದುಕೊಳ್ಳುವುದು 2,571. ಯಾವ ಬೈಜಿಕ ಕ್ರಿಯೆಯೂ ಇಲ್ಲದೆ ಐದು ಪಟ್ಟಿನ ಹತ್ತಿರ ಲಾಭ. ಕಣ್ಣಿಗೆ ಕಾಣುತ್ತದೆಯೇ? ಇಲ್ಲ, ಯಾಕೆಂದರೆ ಗಾತ್ರದಲ್ಲಿ ಆ ಮಿಶ್ರಣದ ಶೇ 99ಕ್ಕೂ ಹೆಚ್ಚು ಉಗಿಯೇ. ಥರ್ಮಾಮೀಟರು 100ಕ್ಕಿಂತ ಒಂದು ಡಿಗ್ರಿ ಮೇಲೆ ತೋರಿಸಿತು, ಆದ್ದರಿಂದ ಒಣ ಉಗಿ ಎಂದರೂ ನಂಬಬೇಡಿ. ಕುದಿಬಿಂದು ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಮೈಸೂರು ಸಮುದ್ರಮಟ್ಟದಿಂದ 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು ಸುಮಾರು 97.5ಕ್ಕೆ. ಉದ್ದನೆಯ ಪೈಪಿನಲ್ಲಿ ಹಿಂದೊತ್ತಡ ವಾತಾವರಣದ ಶೇ 4ರಷ್ಟು ಏರಿದರೆ ಕುದಿಬಿಂದು ಒಂದು ಡಿಗ್ರಿ ಮೇಲೆ ಹೋಗುತ್ತದೆ. ಪರಿಹಾರ ಸುಲಭ: ಉಗಿಯನ್ನು ಅಳತೆ ಮಾಡಿದ ತಣ್ಣೀರಿನ ಡ್ರಮ್ಮಿಗೆ ಬಿಟ್ಟು, ನೀರಿನ ಉಷ್ಣತೆ ಎಷ್ಟು ಏರಿತು, ತೂಕ ಎಷ್ಟು ಹೆಚ್ಚಿತು ನೋಡಿ. ಇಲ್ಲವೇ ನೀರಿನ ಹರಿವನ್ನು ಹೆಚ್ಚಿಸಿ ಕುದಿಯಲೇ ಬಿಡಬೇಡಿ.

ವಿದ್ಯುತ್ ಅಳೆಯುವಲ್ಲಿ, ಮೂರು ಫೇಸಿನ ಹೀಟರಿಗೆ ಹಾಕಿದ ಮೂರು ಕ್ಲ್ಯಾಂಪುಗಳಲ್ಲಿ ಒಂದು ತಿರುಗುಮುರುಗಾದರೆ ಮೀಟರ್ ಮೂರನೇ ಒಂದು ಭಾಗ ಮಾತ್ರ ತೋರಿಸುತ್ತದೆ. ರೊಸ್ಸಿ ಸಾಧನದ ಮೇಲೆ 2014ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ನಡೆದ ಪರೀಕ್ಷೆಯಲ್ಲಿ ಅವಕೆಂಪು ಕ್ಯಾಮೆರಾಕ್ಕೆ ಅಲ್ಯುಮಿನಾ ಕೊಳವೆಯ ಉತ್ಸರ್ಜನಾಂಕ (ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಸೂಸುತ್ತದೆ ಎಂಬ ಅಳತೆ) ಸುಮಾರು 0.4 ಎಂದು ಕೊಟ್ಟಿದ್ದರು. ಅದು ಎಲ್ಲ ತರಂಗಾಂತರಗಳ ಸರಾಸರಿ. ಆ ಕ್ಯಾಮೆರಾ ನೋಡುವ 7.5ರಿಂದ 13 ಮೈಕ್ರಾನ್ ಪಟ್ಟಿಯಲ್ಲಿ ಅಲ್ಯುಮಿನಾ 0.9ರ ಮೇಲಿದೆ. ಉಷ್ಣತೆ ನೂರಾರು ಡಿಗ್ರಿ ಹೆಚ್ಚು ಓದಿತು. ವಿಕಿರಣ ಶಾಖ ಉಷ್ಣತೆಯ ನಾಲ್ಕನೇ ಘಾತಕ್ಕೆ ಏರುವುದರಿಂದ ತಪ್ಪು ಹಲವು ಪಟ್ಟು ಬೆಳೆಯಿತು. ಆ ಪರೀಕ್ಷೆಯ ಬೂದಿಯಲ್ಲಿ ಹೆಚ್ಚುಕಡಿಮೆ ಶುದ್ಧ ನಿಕಲ್-62 ಸಿಕ್ಕಿತೆಂದು ವರದಿಯಾಯಿತು. ಆದರೆ ಪುಡಿ ಹಾಕುವಾಗಲೂ ತೆಗೆಯುವಾಗಲೂ ಸಾಧನ ತಯಾರಿಸಿದವರೇ ಕೈಜೋಡಿಸಿದ್ದರು. ಮೂರನೆಯವರು ಮೊಹರು ಹಾಕದ ಮಾದರಿಯ ಮೇಲೆ ಸಿದ್ಧಾಂತ ಕಟ್ಟುವುದು ಬೇಡ.

ಕಾಲೇಜಿನಲ್ಲಿ ಇದನ್ನು ಮಾಡಿ ನೋಡುವ ಹುಮ್ಮಸ್ಸು ನಿಮಗೆ ಬಂದಿದ್ದರೆ ಎಚ್ಚರಿಕೆಯ ಮಾತು. ಹೈಡ್ರೋಜನ್ ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಹೊತ್ತಿಕೊಳ್ಳುತ್ತದೆ, ಬಟ್ಟೆಯ ಸ್ಥಾಯಿ ವಿದ್ಯುತ್ತಿನ ಕಿಡಿ ಸಾಕು. ಹೈಡ್ರೋಜನ್ ಆಕರವಾಗಿ ಬಳಸುವ ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್ 150 ಡಿಗ್ರಿಯ ಆಸುಪಾಸಿನಲ್ಲಿ ಒಡೆಯಲು ಶುರುವಾಗಿ ಮುಚ್ಚಿದ ಕೊಳವೆಯ ಒತ್ತಡವನ್ನು ಸರ್ರನೆ ಏರಿಸುತ್ತದೆ. ನೀರು ತಗುಲಿದರೆ ಉರಿಯುತ್ತದೆ. ನಯವಾದ ನಿಕಲ್ ಪುಡಿ ಉಸಿರಿಗೆ ಹೋಗಬಾರದು. ಫ್ಯೂಮ್ ಹುಡ್, ಒತ್ತಡ ಬಿಡುವ ವಾಲ್ವ್, ಗಟ್ಟಿ ತಡೆಗೋಡೆ, ಮಾರ್ಗದರ್ಶಕರು ಇಲ್ಲದೆ ಕೈ ಹಾಕಬೇಡಿ.

ಹಾಗಾದರೆ ಈ ಕ್ಷೇತ್ರ ಮುಗಿಯಿತೇ? ಮುಗಿದಿಲ್ಲ. ಗೂಗಲ್ ಹಣ ಕೊಟ್ಟು ನಡೆಸಿದ ಸಂಶೋಧನೆ 2019ರಲ್ಲಿ "ನೇಚರ್" ಪತ್ರಿಕೆಯಲ್ಲಿ ಬಂತು. ನಿಕಲ್ ಪುಡಿಯನ್ನೂ ಪರೀಕ್ಷಿಸಿದ್ದ ಅವರಿಗೆ ಹೆಚ್ಚುವರಿ ಶಾಖ ಸಿಗಲಿಲ್ಲ. ಆದರೆ ಅಳೆಯುವ ಉಪಕರಣಗಳು ಬಹಳ ಸುಧಾರಿಸಿದವು. 2023ರಲ್ಲಿ ಶಕ್ತಿ ಸಂಶೋಧನೆಗೆ ಹಣ ಕೊಡುವ ಅಮೆರಿಕ ಸರ್ಕಾರದ ಎಆರ್‌ಪಿಎ-ಇ ಸಂಸ್ಥೆ ಎಂಟು ತಂಡಗಳಿಗೆ ಒಟ್ಟು ಒಂದು ಕೋಟಿ ಡಾಲರ್ ಕೊಟ್ಟಿತು. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಇವಾಮುರಾ ತಂಡ ನಿಕಲ್ ಮೇಲೆ ನ್ಯಾನೊಮೀಟರ್ ದಪ್ಪದ ತಾಮ್ರ-ನಿಕಲ್ ಪದರಗಳನ್ನು ಹೊದಿಸಿ ಪ್ರಯೋಗ ಮಾಡುತ್ತಿದೆ. ಶಾಖದ ವರದಿಗಳೇನೋ ಇವೆ, ಆದರೆ ಅಲ್ಲಿ ಬೂದಿಯಲ್ಲಿ ತಾಮ್ರ ಹುಡುಕುವ ದಾರಿ ಮೊದಲೇ ಮುಚ್ಚಿಹೋಗಿದೆ ಎಂಬುದನ್ನು ಗಮನಿಸಿ.

2025ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಮಾಡಿದ ಕೆಲಸ ನನಗೆ ಮಾದರಿಯಾಗಿ ಕಾಣುತ್ತದೆ. ಪಲ್ಲಾಡಿಯಂ ಗುರಿಗೆ ಒಂದು ಕಡೆಯಿಂದ ಡ್ಯೂಟೀರಿಯಂ ಅಯಾನುಗಳನ್ನು ಹೊಡೆಯುತ್ತ, ಇನ್ನೊಂದು ಕಡೆಯಿಂದ ವಿದ್ಯುದ್ವಿಭಜನೆಯಿಂದ ಡ್ಯೂಟೀರಿಯಂ ತುಂಬಿದರು. ಸಮ್ಮಿಲನದ ದರ ಸರಾಸರಿ ಶೇ 15 ಏರಿತು. ಶಕ್ತಿಯ ಲಾಭ ಇಲ್ಲ, ಅವರು ಹಾಗೆ ಹೇಳಿಕೊಳ್ಳಲೂ ಇಲ್ಲ. ಅವರು ಶಾಖವನ್ನು ನಂಬಿ ಕೂರದೆ ನ್ಯೂಟ್ರಾನುಗಳನ್ನು ಎಣಿಸಿದರು.

ನಿಕಲ್‌ನಲ್ಲೂ ಹಾಗೆ ಎಣಿಸಬಹುದು. ಎರಡು ಸೋಡಿಯಂ ಅಯೊಡೈಡ್ ಡಿಟೆಕ್ಟರುಗಳನ್ನು ಕೋಶದ ಎರಡು ಪಕ್ಕ ಎದುರುಬದುರಾಗಿ ಇಡಿ, ಎರಡಕ್ಕೂ 511ರ ಗಾಮಾ ಒಂದೇ ಕ್ಷಣ ಬಡಿದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಿನ್ನೆಲೆ ಬಹುಪಾಲು ಅಲ್ಲೇ ಕಳಚಿಹೋಗುತ್ತದೆ. ಹೀಲಿಯಂ ತುಂಬಿದ ಜೋಡಿ ಕೋಶವನ್ನು ಪಕ್ಕದಲ್ಲಿ ಓಡಿಸಿ, ಯಾವುದರಲ್ಲಿ ಯಾವ ಅನಿಲ ಎಂದು ಎಣಿಸುವವರಿಗೆ ಹೇಳಬೇಡಿ. ಕ್ರಿಯೆ ನಿಂತಿತೆಂದು ಹೇಳುವ ಕ್ಷಣದಿಂದ ಗಡಿಯಾರ ನೋಡಿ. ಜೋಡಿ ಎಣಿಕೆ ಮೊದಲು ಪ್ರತಿ 81.5 ಸೆಕೆಂಡಿಗೆ ಅರ್ಧಕ್ಕೆ ಇಳಿದು, ಆಮೇಲೆ 9.7 ನಿಮಿಷದ, 3.3 ಗಂಟೆಯ ಬಾಲ ಉಳಿಸಿದರೆ, ಅದು ನಿಕಲ್‌ಗೆ ಪ್ರೋಟಾನ್ ಸೇರಿದ ಗುರುತು. ಬೇರಾವುದೂ ಆ ಮೂರು ಸಂಖ್ಯೆಗಳನ್ನು ಒಟ್ಟಿಗೆ ಕೊಡುವುದಿಲ್ಲ.